ಇಬ್ಬರಿಗೆ ಮಾತ್ರ

ಶನಿವಾರ ಹತ್ತಕ್ಕೆ ಒಂದು ಜೋಡಿ ಹೊರಡುತ್ತದೆ,
ನಾಲ್ಕಕ್ಕೆ ಇನ್ನೊಂದು ಬಂದಿಳಿಯುತ್ತದೆ.
ನಡುವಿನ ಆರು ಗಂಟೆ ಈ ಮನೆ
ಯಾರದ್ದೂ ಅಲ್ಲ. ಅಂದರೆ ನನ್ನದು.

ಹಾಸಿಗೆಯ ಬಟ್ಟೆ ಕಳಚುತ್ತೇನೆ. ಬಚ್ಚಲ ಜಾಲರಿಯಿಂದ
ಉದ್ದ ಕೂದಲೊಂದನ್ನು ಎಳೆದು ತೆಗೆಯುತ್ತೇನೆ.
ಯಾರು ಅತ್ತರು, ಯಾರು ಮುನಿದು ಸೋಫಾದ ಮೇಲೆ ಮಲಗಿದರು,
ದಿಂಬುಗಳು ಚಾಡಿ ಹೇಳುತ್ತವೆ.
ಕೇಳಿಸಿಕೊಂಡು, ಕೊಡವಿ, ಇಡುತ್ತೇನೆ.

ಮೇಜಿನ ಮೇಲಿನ ಚೀಟಿಯಲ್ಲಿ ಅಚ್ಚಾಗಿದೆ:
‘ಬೇಟೆಗಾವಲಿನವನ ಕುಟೀರ. ಮುನ್ನೂರು ವರ್ಷದ ಎಸ್ಟೇಟಿನ ಅಂಚಿನಲ್ಲಿ
ಇಬ್ಬರಿಗೆ ಮಾತ್ರ, ಒಂದು ಪ್ರಣಯದ ಗೂಡು.’
ಗೂಡೇನೋ ಹೌದು.
ಕೆಳಗಿನ ಕೋಣೆಯಲ್ಲಿ ನನ್ನತ್ತೆ ಗ್ವೆನ್ಲಿಯನ್ ಐದು ಹೆತ್ತಳು,
ಒಂದು ಉಳಿಯಲಿಲ್ಲ.
ವೆಲ್ಷ್ ಬಿಟ್ಟರೆ ಅವಳಿಗೆ ಬರುತ್ತಿದ್ದದ್ದು ಮೂರೇ ಇಂಗ್ಲಿಷ್ ಮಾತು:
ಎರಡು ಧಣಿಗೆ,
ಇನ್ನೊಂದು ಅವನು ಆಚೆ ಹೋದಮೇಲೆ.

ಮಕ್ಕಳು ಅಡ್ಡಡ್ಡ ಮಲಗುತ್ತಿದ್ದ ಅಟ್ಟದಲ್ಲಿ
ಈಗ ಸಿಂಹಪಾದದ ಬಿಳಿ ತೊಟ್ಟಿ,
ಎದುರುಬದುರು ಕೂತು ಮೀಯಬಹುದು.
ಮೊಲ ತೂಗುಹಾಕುತ್ತಿದ್ದ ಕೊಕ್ಕೆಗಳಿಂದ
ಒಣ ಲ್ಯಾವೆಂಡರ್ ಕಟ್ಟು ಇಳಿಬಿದ್ದಿದೆ.
ರಕ್ತ ಹಿಡಿಯಲು ಕೆಳಗಿಡುತ್ತಿದ್ದ ಬೋಗುಣಿಯಲ್ಲಿ
ಪೈನ್ ಕಾಯಿ ತುಂಬಿದ್ದಾರೆ, ಅಲಂಕಾರಕ್ಕೆ.

ಬಾಗಿಲ ಚೌಕಟ್ಟಿಗೆ ಮೂರು ಸಲ ಬಣ್ಣ ಬಿದ್ದಿದೆ.
ಆದರೂ ಹೆಬ್ಬೆರಳು ಒತ್ತಿ ಸವರಿದರೆ
ಚಾಕುವಿನ ಗೀರು ಸಿಗುತ್ತದೆ. ಇದು ಬ್ರಾನ್ವೆನ್, ಇದು ಎಮ್ಲಿನ್,
ಇದು, ನನ್ನ ಸೊಂಟಕ್ಕಿಂತ ತುಸು ಮೇಲೆ,
ಆರು ವರ್ಷದ ಗೆಥಿನ್.
ಒರೆಸುವ ನೆಪದಲ್ಲಿ ವಾರಕ್ಕೊಮ್ಮೆ
ನನ್ನ ಗಂಡನ ಪುಟ್ಟ ತಲೆ ಸವರುತ್ತೇನೆ.

ಹೋದ ಫೆಬ್ರವರಿ. ಪ್ರೇಮಿಗಳ ವಾರ, ದುಪ್ಪಟ್ಟು ಬಾಡಿಗೆ.
ಒಲೆಯಲ್ಲಿ ಬರ್ಚ್ ಸೌದೆ ಜೋಡಿಸಿ,
ದೊಡ್ಡಮನೆಯ ಮುದ್ರೆಯ ಬಾಟಲಿ ಮೇಜಿನ ಮೇಲಿಟ್ಟು
ಕೈ ಒರೆಸಿಕೊಳ್ಳುವಾಗ ಆಫೀಸಿನಿಂದ ಫೋನು:
ಹೊಳೆ ಸೇತುವೆಯ ಮೇಲೆ ಹತ್ತಿದೆ, ಅವರು ಬರುವುದಿಲ್ಲವಂತೆ.
ದುಡ್ಡು ವಾಪಸಿಲ್ಲ. ನೀನು ಬಾಗಿಲು ಹಾಕಿಕೊಂಡು ಹೋಗು, ಎಲೀನೆಡ್.

ಬಾಗಿಲು ಹಾಕಿದೆ. ಒಳಗಿನಿಂದ.

ಗೆಥಿನ್ ಬಂದ. ಗರಗಸದ ಎಣ್ಣೆ ವಾಸನೆ, ಮೊಣಕಾಲವರೆಗೆ ಕೆಸರು.
ಹೊಸ್ತಿಲಾಚೆಯೇ ಬೂಟು ಕಳಚಿ
ಹುಟ್ಟಿದ ಮನೆಗೆ ಕಾಲುಚೀಲದಲ್ಲಿ ಕಾಲಿಟ್ಟ, ಕಳ್ಳನ ಹಾಗೆ.
ಅಡುಗೆಮನೆ ದಾಟುವಾಗ ತಲೆ ತಗ್ಗಿಸಿದ.
ಅಲ್ಲಿದ್ದ ತೊಲೆ ತೆಗೆಸಿ ಹನ್ನೊಂದು ವರ್ಷವಾಯಿತು.

ಕುರ್ಚಿಯ ತುದಿಯಲ್ಲಿ ಕೂತ. ಬಾಟಲಿ ಮುಟ್ಟಲಿಲ್ಲ.
‘ಎಣಿಸಿಟ್ಟಿರುತ್ತಾರೆ,’ ಅಂದ.
‘ಎಣಿಸುವವಳು ನಾನೇ,’ ಅಂದೆ.
ಆಗ ನಕ್ಕ.

ತೊಟ್ಟಿಯಲ್ಲಿ ಎದುರುಬದುರು ಕೂತೆವು.
ಅವನ ಮೊಣಕಾಲು ನೀರಿನ ಮೇಲೆ ಎರಡು ಬೋಳುಗುಡ್ಡ,
ಮಧ್ಯೆ ನನ್ನ ಹೆರಿಗೆಯ ಹೊಟ್ಟೆ, ನಾಚಿಕೆ ಬಿಟ್ಟು.
ನೀರು ತುಳುಕಿ ನೆಲಕ್ಕೆ ಚೆಲ್ಲಿತು;
ನಾಳೆ ಒರೆಸುವವಳು ಯಾರೆಂದು ಇಬ್ಬರಿಗೂ ಗೊತ್ತು.
‘ಇಲ್ಲೇ,’ ಅಂದ, ‘ನನ್ನ ತಲೆ ಇಲ್ಲಿ, ಎಮ್ಲಿನನ ಕಾಲು ನನ್ನ ಬಾಯಲ್ಲಿ.
ಮಾಡಿನ ಕಲ್ಲು ಒಂದು ಜರುಗಿತ್ತು. ಆ ಸಂದಿನಲ್ಲಿ
ಒಂದೇ ಒಂದು ನಕ್ಷತ್ರ ಬರುತ್ತಿತ್ತು. ನನ್ನದು ಅಂತಿದ್ದೆ.’

ಸಂದು ಮುಚ್ಚಿ ಈಗ ಗಾಜು ಕೂರಿಸಿದ್ದಾರೆ,
ಮಲಗಿದಲ್ಲಿಗೇ ಇಡೀ ಆಕಾಶ.
ಮಳೆ ನಿಂತಿತ್ತು. ಗೆಥಿನ್ ನೀರು ಆರುವತನಕ ಹುಡುಕಿದ.
‘ಇಷ್ಟರಲ್ಲಿ ಯಾವುದು ಅಂತ ಹೇಳಲಿ?’

ಬೆಳಗ್ಗೆ ನಾನು ಬಟ್ಟೆ ಒಗೆಯುವ ಹೊತ್ತಿಗೆ
ಅವನು ಅಟ್ಟದ ಮೆಟ್ಟಿಲಲ್ಲಿ ಏನೋ ಬಡಿಯುತ್ತಿದ್ದ.
ಆಮೇಲೆ ಅತಿಥಿಗಳ ಪುಸ್ತಕ ತೆರೆದು,
‘ಮಾಯಾಲೋಕ!’ ‘ಮರೆಯಲಾರೆವು!’ಗಳ ಕೆಳಗೆ
ಸೌದೆಯ ಲೆಕ್ಕ ಬರೆಯುವ ದಪ್ಪ ಅಕ್ಷರದಲ್ಲಿ ಬರೆದ:
ಮೂರನೇ ಮೆಟ್ಟಿಲು ಕಿರುಗುಟ್ಟುತ್ತಿತ್ತು. ಸರಿಮಾಡಿದೆ.
ಹೆಸರು ಹಾಕಲಿಲ್ಲ.

ಮುಂದಿನ ವಾರದ ಜೋಡಿ ಅದರ ಕೆಳಗೆ ಕೇಳಿದೆ:
ಯಾವ ಮೆಟ್ಟಿಲು?