ಅಷ್ಟೂರಿನ ಇಳಿಜಾರು

ದುಲ್ಹನ್ ದರ್ವಾಜಾ ದಾಟಿದರೆ
ಪೆಡಲಿಗೆ ಕೆಲಸವಿಲ್ಲ.
ಕೆಳಗೆ ಅಷ್ಟೂರಿನ ಗುಮ್ಮಟಗಳು,
ಬೋರಲು ಹಾಕಿ ಮರೆತ ಗಡಿಗೆಗಳ ಹಾಗೆ.
ಬೀದರ ಊರೇ ಬೆನ್ನಿಗೆ ಕೈ ಹಚ್ಚಿ ನೂಕುತ್ತದೆ.
ಇಲ್ಲಿ ದುಡಿಯುವುದು ಬೆರಳು ಮಾತ್ರ.

ಎಂಟನೇ ಇಯತ್ತೆಗೆ ಸರಕಾರ ಕೊಟ್ಟ ಸೈಕಲ್ಲು,
ತಂತಿಯ ತುದಿಗೆ ಎರಡು ರಬ್ಬರ್ ಗುಟ್ಟಿ.
ರಿಮ್ಮಿನ ಅಂಚು ಹಿಡಿದು ಅವು ಹೇಳುತ್ತಿದ್ದದ್ದು
ನಿಲ್ಲು ಅಂತಲ್ಲ,
ನೋಡೋಣ ಅಂತ.

ಮಿರಗದ ಮಳೆ ಬಿದ್ದ ದಿನ
ಕೆಮ್ಮಣ್ಣು ರಾಡಿಯಾಗಿ ಗಾಲಿಗೆ ಹತ್ತಿದರೆ
ಒಂದನೇ ಸುತ್ತು ನೀರು ಒರೆಸಲಿಕ್ಕೆ,
ಎರಡನೆಯದು ಮಣ್ಣು ಅರೆಯಲಿಕ್ಕೆ,
ಮೂರನೆಯದಕ್ಕೆ ಗುಟ್ಟಿಗೆ ನೆನಪಾಗುತ್ತಿತ್ತು
ತಾನು ಬ್ರೇಕು ಅಂತ.
ಅಷ್ಟೊತ್ತಿಗೆ ನಾನು
ಯಾರದೋ ಹೆಸರು ಬಿತ್ತಿದ ಹೊಲದಲ್ಲಿ,
ಲಂಗದ ತುಂಬ ಬೀದರ.

ಈಗ ನಾನು ಹಾಲಿನ ಸೊಸೈಟಿಯಲ್ಲಿ ಫ್ಯಾಟ್ ನೋಡುವಾಕೆ.
ನಸುಕಿನ ಐದಕ್ಕೆ, ಹೆಗಲ ಚೀಲದಲ್ಲಿ
ಹನ್ನೆರಡು ಕಾಜಿನ ನಳಿಗೆ.
ಒಂದು ಒಡೆದರೆ ಪಗಾರದಲ್ಲಿ ಮುರಿಯುತ್ತಾರೆ,
ಆದ್ದರಿಂದ ನಿಲ್ಲುವುದರ ಬಗ್ಗೆ
ನನಗೆ ಬಹಳ ವಿಚಾರ.

ಚೌಬಾರದ ಹಿಂದೆ ಲಾಡ್ಲೇಸಾಬರ ದುಕಾನು.
ಹಳೆಯ ಗಾಲಿ ಬಿಚ್ಚಿ, ನನ್ನ ಹೆಬ್ಬೆರಳು ಹಿಡಿದು
ಅಂಚಿನ ಮೇಲೆ ಎಳೆದರು: ಗುಳಿ.
ರೊಟ್ಟಿ ಬಡಿದು ಬಡಿದು ಸವೆದ ಕೊಣಮಿಗೆಯ ಹಾಗೆ.
ಹದಿನಾರು ವರ್ಷ ನಾನು ಎಲ್ಲೆಲ್ಲಿ ನಿಂತೆನೋ
ಅದೆಲ್ಲ ಅಲ್ಲೇ ಇತ್ತು.
‘ಇದು ತನ್ನ ಗಾಲೀನೇ ತಿಂದು ನಿಲ್ಲಸ್ತದ ನೋಡವ್ವ,
ಆದ್ರ ಬಾಗಲಾ ನೂಕಬೇಕಂದ್ರ
ತಿರುಗಣಿ ಹತ್ರ ನೂಕ್ತಾರೇನು? ಅಂಚಿಗೇ ನೂಕ್ತಾರ.
ಅಂಚು ಹಿಡಿದ್ರ ಸಣ್ಣ ಕೈಗೂ ತಡೀತದ.’

ಅವರ ಕೈಕೆಳಗಿನ ಬಕ್ಕಪ್ಪ ತಲೆ ಎತ್ತಲಿಲ್ಲ:
‘ರಾಡಿ ಹತ್ತೋದೂ ಅಂಚಿಗೇ, ಮಾಮು.
ನಡುವು ಹಿಡೀರಿ. ನಡುವು ಸ್ವಚ್ಛ ಇರ್ತದ.’

ಅವನ ಮಾತು ಕೇಳಿ ಕೊಂಡೆ, ಸೆಕೆಂಡ್ ಹ್ಯಾಂಡು.
ಗಾಲಿಯ ನಟ್ಟನಡುವೆ ಅಂಗೈಯಗಲದ ಉಕ್ಕಿನ ಬಿಲ್ಲೆ,
ಮೈತುಂಬ ತೂತು, ಜಾಲಿ ಕೆತ್ತಿದ ಕಿಟಕಿ.
ಎಣ್ಣೆ ಕೈ ಹಚ್ಚಬ್ಯಾಡ,
ಇಳಿದ ಕೂಡಲೇ ಮುಟ್ಟಬ್ಯಾಡ, ಸುಡ್ತದ,
ಪ್ಯಾಡು ಸವೆದರೆ ಹೈದರಾಬಾದಿನಿಂದ ಬರಬೇಕು, ಮೂರು ದಿನ.
ಹೊಸ ಸೊಸೆಗೂ ಇಷ್ಟು ಕಟ್ಟಳೆ ಇರಲಿಲ್ಲ ನಮ್ಮಲ್ಲಿ.

ಮೊದಲ ದಿನವೇ ಜೋರು ಮಳೆ. ಇಳಿಜಾರಿನ ನಡುವೆ ಎಮ್ಮೆ.
ನಾನು ಹಳೆಯ ಲೆಕ್ಕದಲ್ಲಿ
ನಾಲ್ಕೂ ಬೆರಳು ಬಿಗಿದು ಒತ್ತಿದೆ.
ಸೈಕಲ್ಲು ನಿಂತಿತು.
ನಳಿಗೆಗಳು ನಿಲ್ಲಲಿಲ್ಲ.
ಮೂರು ಹೋದವು, ಎಮ್ಮೆಯ ಕಿವಿಯೂ ಅಲುಗಲಿಲ್ಲ.

ಲಾಡ್ಲೇಸಾಬರು ನಗಲಿಲ್ಲ.
ಚೀಲ ತೆಗೆದು ನೋಡಿದರು, ಉಳಿದ ಒಂಬತ್ತು ನಳಿಗೆಗೆ
ಹಳೆಯ ಟ್ಯೂಬು ಕತ್ತರಿಸಿ ಸುತ್ತಿದರು.
ಬಕ್ಕಪ್ಪ ಹಿಡಿಕೆಗೆ ನನ್ನ ಒಂದೇ ಬೆರಳು ಇಟ್ಟು
‘ಇಷ್ಟ ಸಾಕಕ್ಕಾ, ಇದಕ್ಕ ಒದರಬಾರ್ದು,
ಕಿವ್ಯಾಗ ಹೇಳಬೇಕು’ ಅಂದ.

ಕಲಿತೆ. ಆದರೆ ಬೆರಳಿಗಿಂತ ಮೈ ಹಳೆಯದು.
ಸೊಸೈಟಿಯ ತಿರುವಿಗೆ ಇನ್ನೂ ಮೂರು ಸುತ್ತು ಇರುವಾಗಲೇ
ನಾನು ನಿಲ್ಲಲು ಶುರು ಮಾಡಿರುತ್ತೇನೆ,
ಒದ್ದೆ ಗುಟ್ಟಿಗೆ ನೆನಪಾಗಲಿ ಎಂದು ಕಾಯುವವಳ ಹಾಗೆ.

ನಿನ್ನೆ ಬಕ್ಕಪ್ಪ ಪ್ಯಾಡು ಬಿಚ್ಚಿ ಬೆಳಕಿಗೆ ಹಿಡಿದ:
‘ಆರು ತಿಂಗಳಾತು. ಸವದೇ ಇಲ್ಲ.
ಅಕ್ಕಾ, ನೀ ಬ್ರೇಕ್ ಹಚ್ತೀಯೋ ಇಲ್ಲೋ?’

ಲಾಡ್ಲೇಸಾಬರು ಬಾಗಿಲಲ್ಲಿ ತೂಗುಹಾಕಿದ
ನನ್ನ ಹಳೆಯ ರಿಮ್ಮಿಗೆ
ಪಾನಾದಿಂದ ಒಂದು ಸಲ ಬಡಿದರು.
ಗುಳಿಬಿದ್ದ ಕಬ್ಬಿಣ,
ಬಹಳ ಹೊತ್ತು ಗುಂಯ್ಗುಟ್ಟಿತು.
ಯಾರೂ ಅದನ್ನು ಹಿಡಿದು ನಿಲ್ಲಿಸಲಿಲ್ಲ.