ಎಂಟನೆಯ ಸಾಲು

ಫೆಬ್ರವರಿ. ಅಯೋವಾದ ಮೈದಾನದಲ್ಲಿ ಮೊಣಕಾಲುದ್ದ ಹಿಮ,
ಪಿಚರನ ದಿಬ್ಬ ಎಲ್ಲಿತ್ತೆಂದು ಮೊಲಗಳಿಗಷ್ಟೇ ಗೊತ್ತು.
ಹಾರ್ಡ್‌ವೇರ್ ಅಂಗಡಿಯ ಹಿಂದೆ, ಹೀಟರಿನ ಪಕ್ಕ,
ಡೆಲ್ಮರ್ ಕ್ರೌಸ್ ಕಾನ್ಫರೆನ್ಸುಗಳನ್ನು ತೂಗುತ್ತಾನೆ
ಮೊಳೆ ತೂಗುವ ಹಾಗೆ.

"ಮಿಸೌರಿ ಕಡೆಯವರದ್ದೇ ಈ ಸಲ ಮೇಲುಗೈ, ವರ್ನಾ.
ಅಲ್ಲಾಗಲೇ ಹುಲ್ಲು ಚಿಗುರಿದೆ. ನಮ್ಮ ಹುಡುಗರೋ
ಜಿಮ್ಮಿನೊಳಗೆ, ಬಲೆಯೊಳಗಿನ ಕೋಳಿಗಳು."
ಒಂದು ಕಾಲದ ಕ್ಯಾಚರ್; ಮುರಿದು ಕೂಡಿಕೊಂಡ
ಸೊಟ್ಟ ಬೆರಳುಗಳಲ್ಲಿ ತಂಡ ಎಣಿಸುತ್ತಾನೆ.

ನಾನು ಒಪ್ಪಲಿಲ್ಲ. ಮೂವತ್ತೊಂದು ವರ್ಷ ಸ್ಕೋರು ಬರೆದವಳು.
ಅವರ ಅಂಕಿ ದಪ್ಪ, ನಿಜ. ಆದರೆ ಏಪ್ರಿಲ್ಲಿನ ನಮ್ಮ ಗಾಳಿ
ಬೇಲಿ ದಾಟಲಿದ್ದ ಚೆಂಡನ್ನು ಕಸಿದು
ನಮ್ಮ ಹುಡುಗನ ಕೈಗಿಡುತ್ತದಲ್ಲ,
ಅದು ಯಾವ ಪಟ್ಟಿಯಲ್ಲಿದೆ?

ರೂಲರಿಟ್ಟು ಗೆರೆ ಎಳೆದೆ.
ಅವರದು ಒಂಬತ್ತು, ನಮ್ಮದು ಎಂಟು.
"ಏಳು," ಅಂದ ಡೆಲ್ಮರ್, ಹೀಟರನ್ನೇ ನೋಡುತ್ತ.

ಹೌದು. ಎಲ್ಮ್‌ಹೋಲ್ಟ್ ಕಾಲೇಜಿಗೆ ಮೇ ತಿಂಗಳಲ್ಲೇ ಬೀಗ ಬಿತ್ತು.
ಸ್ಕೋರ್‌ಬೋರ್ಡು ಹರಾಜಿನಲ್ಲಿ ಯಾರೋ ಹಂದಿ ಸಾಕುವವನ ಪಾಲಾಯಿತು.
ಸದಾ ಕೊನೆಯ ಸ್ಥಾನದವರು. ಆದರೂ ಅವರ ಬಸ್ಸು ಬಂತೆಂದರೆ
ಡ್ರೈವರನ ಹೆಂಡತಿ ಮಾಡಿದ ಪೈ, ನನಗೂ ಒಂದು ತುಂಡು.
ಅವರ ಶನಿವಾರಗಳಲ್ಲಿ ಈಗ "ಬಿಡುವು" ಎಂದು ಅಚ್ಚಾಗಿದೆ.

ಎಳೆಯರನ್ನು ಆಟಕ್ಕುಂಟು, ಲೆಕ್ಕಕ್ಕಿಲ್ಲ ಅನ್ನುತ್ತೇವೆ.
ಇವರದು ತಿರುಗುಮುರುಗು.
ರಬ್ಬರು ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ.
ಡೆಲ್ಮರ್ ಖಾಲಿ ಸಾಲನ್ನು ಕಂಡ, ಕೆಮ್ಮಿದ,
ಮತ್ತೆ ಮಿಸೌರಿಯ ಎಡಗೈ ಪಿಚರನ ಮಾತೆತ್ತಿದ.