ಆಮೇಲಿನ ನಲವತ್ತು ಸೆಕೆಂಡು

ಪರದೆಯ ಮೇಲೆ ಅವರಿಬ್ಬರು ಮುತ್ತಿಟ್ಟದ್ದು ನಿಜ.
ಸದ್ದು ಮಾತ್ರ ಗುಲಿಕೊಳದ್ದು.

ಅರವತ್ತಮೂರರ ಹೆಂಗಸು,
ಟಿಬಿಲಿಸಿಯ ಹಳೇ ಹೊಲಿಗೆ ಕಾರ್ಖಾನೆಯ ನೆಲಮಾಳಿಗೆಯಲ್ಲಿ
ತನ್ನದೇ ಮುಂಗೈಗೆ ತುಟಿಯೊತ್ತಿ
ಮೂರನೇ ಸಲ, ನಾಲ್ಕನೇ ಸಲ,
‘ಇನ್ನೂ ಸ್ವಲ್ಪ ಒದ್ದೆ ಬೇಕಾ?’ ಅಂತ
ಗಾಜಿನಾಚೆ ಕೂತ ನನ್ನನ್ನು ಕೇಳುತ್ತಾಳೆ,
ಸಾರಿಗೆ ಉಪ್ಪು ಸಾಕಾ ಅನ್ನುವ ಹಾಗೆ.

ನಾನು ಮುಳ್ಳು ನೋಡುತ್ತೇನೆ. ಕೆಂಪು ಮುಟ್ಟಬಾರದು.
ಹನ್ನೊಂದು ನಿಮಿಷಕ್ಕೊಮ್ಮೆ ಅಡಿಯಲ್ಲಿ ಮೆಟ್ರೋ ಹಾಯುತ್ತದೆ.
ಆಗೆಲ್ಲ ಪ್ರೀತಿ ನಿಲ್ಲಬೇಕು.

ಮಂಚದ ಕಿರುಗುಟ್ಟು, ಕಾಲು ಸಡಿಲಾದ ಅಡುಗೆಮನೆ ಕುರ್ಚಿ.
ಮೈಗೆ ಮೈ ತಾಕುವುದು, ಚರ್ಮದ ಚೀಲ, ಒಳಗೆ ಹತ್ತಿ.
ಹೊದಿಕೆಗೆ ಮಾತ್ರ ಹೊದಿಕೆಯೇ ಬೇಕು,
ಅದಕ್ಕೆ ಬದಲಿ ಇಲ್ಲ ಅನ್ನುತ್ತಾಳೆ.

ನಟಿಸಿದವರು ಶೂಟಿಂಗ್ ಮುಗಿಯುವಷ್ಟರಲ್ಲಿ ಮಾತು ಬಿಟ್ಟಿದ್ದರು.
ಆ ರಾತ್ರಿಯ ಮುದ್ರಣದಲ್ಲಿ ಉಳಿದದ್ದು
ಜನರೇಟರ್, ಯಾರದೋ ಸೀನು,
ಅನುಕಿ ಹಲ್ಲು ಕಚ್ಚಿ ‘ಮೊಣಕೈ, ಮೊಣಕೈ’ ಅಂದದ್ದು.

ಲಿಕಾ ಅಜ್ಜಿಯ ಪಿಯಾನೋ ಮಾರಿ ತೆಗೆದ ಚಿತ್ರ.
ಕಾಮದ ನಾಲ್ಕು ನಿಮಿಷ ಅವಳಿಗೆ ಒಪ್ಪಿಗೆಯಾಯಿತು.
ತಕರಾರು ಇದ್ದದ್ದು ಆಮೇಲಿನದಕ್ಕೆ,
ಇಬ್ಬರೂ ಸುಮ್ಮನೆ ಮಲಗಿರುವ ನಲವತ್ತು ಸೆಕೆಂಡು.
ಸಂಗೀತ ಬೇಡ. ಆದರೆ ಖಾಲಿಯೂ ಇರಬಾರದು.
ಉಸಿರು ಹಾಕಿದೆವು, ಆಸ್ಪತ್ರೆಯಂತೆ ಕೇಳಿಸಿತು.
ದೂರದಲ್ಲೊಂದು ನಾಯಿ ಹಾಕಿದೆವು.
ಸುಳ್ಳು, ಅಂದಳು.

ಮರುದಿನ ಗುಲಿಕೊ ಕರವಸ್ತ್ರದಲ್ಲಿ ಸುತ್ತಿ ತಂದದ್ದು
ಗಂಡಸಿನ ಕೈಗಡಿಯಾರ.
ಏನೂ ವಿವರಿಸಲಿಲ್ಲ. ಮೈಕಿನ ಹತ್ತಿರ ಹಿಡಿದು
ಕೀಲಿ ಕೊಟ್ಟಳು.
ಕಿರಿಕ್ ಕಿರಿಕ್,
ತಡೆದು,
ಮತ್ತೆ ಕಿರಿಕ್.

ಎಡಗೈ ಹೆಂಡತಿಯ ಕತ್ತಿನಡಿ ಸಿಕ್ಕಿಕೊಂಡಿದ್ದರೆ
ಬಲಗೈ ಅವಳನ್ನು ಬಳಸಿಯೇ ಅಲ್ಲಿಗೆ ಹೋಗಬೇಕು.
ಇದು ನನಗೆ ಹೊಳೆದದ್ದು ಆಮೇಲೆ, ಬಸ್ಸಿನಲ್ಲಿ.

ಮೆಟ್ರೋ ಬಂತು.
ಯಾರೂ ಕಟ್ ಅನ್ನಲಿಲ್ಲ.

ಯಾವುದೋ ಸರೋವರದ ಊರಿನಲ್ಲಿ ಬಹುಮಾನ ಬಂತು.
ಇಂಥ ದಿಟ್ಟ ಮೌನ ಅಪರೂಪ ಎಂದು ಬರೆದರು ತೀರ್ಪುಗಾರರು.
ಗುಲಿಕೊಳ ಹೆಸರು ಮೇಲೇರುವಾಗ
ಅರ್ಧ ಜನ ಕೋಟು ಹುಡುಕುತ್ತಿದ್ದರು.

ಅಲ್ಲಿಂದಲೇ ಫೋನ್ ಮಾಡಿ ಹೇಳಿದೆ.
‘ಹೌದಾ’ ಅಂದಳು. ಒಲೆಯ ಮೇಲೆ ಏನೋ ಕುದಿಯುತ್ತಿತ್ತು.
‘ಒಂಬತ್ತು ವರ್ಷ ನಿಂತೇ ಇತ್ತು ಮಾರಾಯ,
ನಿಮ್ಮ ಸಿನಿಮಾದ ದೆಸೆಯಿಂದ
ಈಗ ದಿನಾ ರಾತ್ರಿ ಕೀಲಿ ಕೊಡಬೇಕು.’